ತಂದೆಯವರ ಬೀರುವಿನಲ್ಲಿರುವ ಹರಳುಗಲ್ಲುಗಳು: ಮಾರಬೇಕೆ, ಹರಾಜಿಗೆ ಕೊಡಬೇಕೆ?

ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರಾಂಶ ಹೀಗಿದೆ:

“ನಮ್ಮ ತಂದೆಯವರು ಸಿವಿಲ್ ಎಂಜಿನಿಯರ್ ಆಗಿ ಬಹುಕಾಲ ಪುಣೆ, ನಾಸಿಕ್, ಜಳಗಾಂವ್ ಕಡೆಯ ರಸ್ತೆ ಮತ್ತು ಕಾಲುವೆ ಕಾಮಗಾರಿಗಳಲ್ಲಿ ಕೆಲಸ ಮಾಡಿ, ನಿವೃತ್ತಿಯ ನಂತರ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದರು. ಅವರಿಗೆ ಕಲ್ಲು ಕೂಡಿಡುವ ಹವ್ಯಾಸವಿತ್ತು. ಕಳೆದ ವರ್ಷ ಅವರು ತೀರಿಕೊಂಡರು. ಗಾಜಿನ ಬೀರುವಿನಲ್ಲಿ ಸುಮಾರು 180 ಕಲ್ಲುಗಳಿವೆ. ಅರ್ಧದಷ್ಟಕ್ಕೆ ಅವರ ಕೈಬರಹದ ಚೀಟಿಗಳಿವೆ. ಹಾಸನ, ಹೊಳೆನರಸೀಪುರ, ಬಾಬಾಬುಡನ್‌ಗಿರಿ ಕಡೆಯವೂ ಅದರಲ್ಲಿವೆ. ಇತ್ತೀಚೆಗೆ ಒಬ್ಬ ವ್ಯಾಪಾರಿ ಬಂದು ಇಡೀ ಸಂಗ್ರಹಕ್ಕೆ 80,000 ರೂಪಾಯಿ ಕೊಡುತ್ತೇನೆಂದು ಹೇಳಿ, ಒಂದು ನೀಲಿ ಕಲ್ಲು ಮತ್ತು ಒಂದು ಹಸಿರು ಹರಳಿನ ಗೊಂಚಲನ್ನು ‘ಪರೀಕ್ಷೆಗೆ’ ಒಯ್ಯಲು ಕೇಳಿದರು; ನಾನು ಕೊಡಲಿಲ್ಲ. ನನ್ನ ಅಳಿಯ ವಿದೇಶದ ಹರಾಜಿಗೆ ಕಳಿಸೋಣ ಎನ್ನುತ್ತಾನೆ. ನಮ್ಮ ಷಡ್ಡಕರು ಒಂದು ಕಪ್ಪು ಭಾರದ ಕಲ್ಲನ್ನು ನೋಡಿ ಅದರಲ್ಲಿ ಇರಿಡಿಯಂ ಎಂಬ ದುಬಾರಿ ಲೋಹ ಇದೆ, ಪರೀಕ್ಷೆಯ ಶುಲ್ಕ ಕಟ್ಟಿದರೆ ಕೋಟಿಗಟ್ಟಲೆ ಕೊಡುವವರು ಇದ್ದಾರೆ ಎನ್ನುತ್ತಾರೆ. ಇನ್ನೊಬ್ಬರು ಇಂಥ ಕಲ್ಲು ಮನೆಯಲ್ಲಿಡುವುದೇ ಅಪರಾಧ ಎಂದು ಹೆದರಿಸುತ್ತಾರೆ. ಮನೆಯವರು ಎರಡು ಕಲ್ಲುಗಳನ್ನು ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ತೊಳೆದು ಅವು ಮಂಕಾಗಿವೆ. ಮತ್ತೊಂದು ಹಳದಿ ಲೋಹದಂಥ ಕಲ್ಲಿನ ಸುತ್ತ ಪುಡಿ ಉದುರುತ್ತಿದೆ. ದೋಷವಿರಬೇಕೆಂದು ತಾಯಿಗೆ ಆತಂಕ. ನಾವೇನು ಮಾಡಬೇಕು?”

ನಿಮ್ಮ ಪತ್ರದಲ್ಲಿ ಬೆಲೆ, ಕಾನೂನು, ಕಲ್ಲುಗಳ ಆರೈಕೆ ಎಂಬ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಇವನ್ನು ಬಿಡಿಸಿ ನೋಡುವ ಮೊದಲು ಒಂದು ಮಾತನ್ನು ಖಚಿತವಾಗಿ ಹೇಳುತ್ತೇನೆ: ಆ ಎರಡು ಕಲ್ಲುಗಳನ್ನು ವ್ಯಾಪಾರಿಯ ಕೈಗೆ ಕೊಡದೆ ಉಳಿಸಿಕೊಂಡದ್ದು ಸರಿಯಾದ ನಿರ್ಧಾರ. ಖನಿಜ ಮಾದರಿಗಳ ಮೌಲ್ಯಮಾಪನದಲ್ಲಿ ನಾನು ಪದೇ ಪದೇ ಕಂಡಿರುವ ಸಂಗತಿಯೆಂದರೆ, ಒಂದು ಮನೆಯ ಸಂಗ್ರಹಕ್ಕೆ ಸಗಟಾಗಿ ಹೇಳುವ ಬೆಲೆಯು ಇಡೀ ಸಂಗ್ರಹದ ಬೆಲೆಯಾಗಿರುವುದಿಲ್ಲ. ಅದು ಕೇಳುವವನ ಕಣ್ಣಿಗೆ ಬಿದ್ದ ಎರಡು ಮೂರು ಕಲ್ಲುಗಳ ಬೆಲೆಯ ಒಂದು ಪಾಲು. ಉಳಿದವು ಅದರ ಜೊತೆಗೆ ಪುಕ್ಕಟೆಯಾಗಿ ಹೋಗುತ್ತವೆ. ಅವರು ಯಾವುದನ್ನು ಕೈಗೆತ್ತಿಕೊಂಡರು ಎಂಬುದೇ ನಿಮ್ಮ ಬಳಿ ಏನಿದೆ ಎಂಬುದರ ಮೊದಲ ಸುಳಿವು.

ಪತ್ರದ ಜೊತೆ ಕಳಿಸಿದ ಚಿತ್ರಗಳಲ್ಲಿ ಆ ನೀಲಿ ಕಲ್ಲಿನ ಚೀಟಿಯಲ್ಲಿ “ವಾಘೋಲಿ, 1990” ಎಂದಿದೆ. ಬಿಳಿಯ ಸ್ಟಿಲ್‌ಬೈಟ್ ಹರಳುಗಳ ಮೇಲೆ ಕಡುನೀಲಿ ಬಣ್ಣದ ಚಿಕ್ಕ ಗುಂಡುಗಳು ಕೂತಿವೆ. ಹತ್ತಿರದಿಂದ ನೋಡಿದರೆ ಪ್ರತಿ ಗುಂಡೂ ಕೇಂದ್ರದಿಂದ ಎಲ್ಲ ಕಡೆಗೂ ಚಾಚಿದ ಸಣ್ಣ ಹರಳುಗಳ ಕಟ್ಟು. ಇದು ಬಹುಮಟ್ಟಿಗೆ ಕ್ಯಾವನ್‌ಸೈಟ್. ಕ್ಯಾಲ್ಸಿಯಂ, ವೆನೇಡಿಯಂ ಮತ್ತು ಸಿಲಿಕಾ ಸೇರಿ, ರಚನೆಯೊಳಗೆ ನೀರನ್ನೂ ಹಿಡಿದಿಟ್ಟುಕೊಂಡ ಖನಿಜ ಇದು. ಅಮೆರಿಕದ ಒರೆಗಾನ್ ಪ್ರಾಂತ್ಯದಲ್ಲಿ 1960ರ ದಶಕದಲ್ಲಿ ಮೊದಲು ಸಿಕ್ಕಿತಾದರೂ, ಲೋಕದ ಸಂಗ್ರಾಹಕರು ಬಯಸುವಂಥ ಮಾದರಿಗಳು ಬಂದದ್ದು 1980ರ ದಶಕದ ಕೊನೆಯಿಂದೀಚೆಗೆ ಪುಣೆಯ ಬಳಿಯ ವಾಘೋಲಿಯ ಕಲ್ಲುಕ್ವಾರಿಗಳಿಂದ. ಈ ಖನಿಜ ಸಿಗುವ ತಾಣಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟೇ ಇವೆ. ಅಂದಮೇಲೆ ತಂದೆಯವರ ಚೀಟಿಯ ಊರಿನ ಹೆಸರು ಮತ್ತು ಇಸವಿ ಕಲ್ಲಿನಷ್ಟೇ ಮುಖ್ಯ. ಹಸಿರು ಗೊಂಚಲು ಅಪೊಫಿಲೈಟ್. ಅದರ ಪಕ್ಕದ ಮುಖಗಳ ಮೇಲೆ ಉದ್ದುದ್ದ ಸಣ್ಣ ಗೀರುಗಳು ಸಹಜವಾಗಿಯೇ ಇರುತ್ತವೆ. ತುದಿ ಚಪ್ಪಟೆಯಾಗಿದ್ದರೆ ಆ ಮುಖದಲ್ಲಿ ಮುತ್ತಿನಂಥ ಹೊಳಪು ಕಾಣುತ್ತದೆ. ಬಣ್ಣವಿಲ್ಲದ ಅಪೊಫಿಲೈಟ್ ಮಹಾರಾಷ್ಟ್ರದಲ್ಲಿ ಹೇರಳ. ಎಲೆಹಸಿರಿನ, ಪಾರದರ್ಶಕವಾದ, ಮೊನೆ ಮುರಿಯದ ಗೊಂಚಲು ಹಾಗಲ್ಲ.

ನಮ್ಮ ಹಾಸನ, ಚಿಕ್ಕಮಗಳೂರಿನ ಕಲ್ಲುಗಳು ಇಂಥ ಹರಳುಗಳನ್ನು ಏಕೆ ಕೊಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಬೀರುವಿನ ಅರ್ಧ ಒಗಟು ಬಿಡಿಸಿದಂತೆ. ಮಹಾರಾಷ್ಟ್ರದ ಬಹುಭಾಗವನ್ನು ಹೊದ್ದಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಅದು ಆರುವಾಗ ಒಳಗಿನ ಅನಿಲ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಆಮೇಲೆ ಆ ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿನೀರು ಕರಗಿಸಿಕೊಂಡು ಬಂದ ಸಿಲಿಕಾ, ಕ್ಯಾಲ್ಸಿಯಂ ಮುಂತಾದವು ಪೊಟರೆಯ ಗೋಡೆಯ ಮೇಲೆ ಪದರ ಪದರವಾಗಿ ಕೂತವು. ಖಾಲಿ ಜಾಗವಿದ್ದುದರಿಂದ ಹರಳು ತನ್ನ ಸಹಜ ಆಕಾರಕ್ಕೆ, ಪೂರ್ಣ ಮುಖಗಳೊಡನೆ ಬೆಳೆಯಲು ಸಾಧ್ಯವಾಯಿತು. ಹೀಗಾಗಿ ಬಾವಿ ತೋಡುವಾಗ, ಜಲ್ಲಿಗೆ ಬಂಡೆ ಸಿಡಿಸುವಾಗ, ಕಾಲುವೆ ಕಡಿಯುವಾಗ ಇಂಥ ಪೊಟರೆಗಳು ತೆರೆದುಕೊಳ್ಳುತ್ತವೆ. ತಂದೆಯವರ ವೃತ್ತಿ ಅವರನ್ನು ನೇರವಾಗಿ ಅಲ್ಲಿಗೇ ಕರೆದೊಯ್ದಿತ್ತು.

ಹಾಸನದ ನೆಲದ ಕಥೆ ಬೇರೆ. ಹೊಳೆನರಸೀಪುರ, ನುಗ್ಗೇಹಳ್ಳಿ ಕಡೆಯ ಶಿಸ್ಟ್ (ಪದರ ಪದರವಾಗಿ ಸೀಳುವ ಶಿಲೆ) ಪಟ್ಟಿಗಳು 300 ಕೋಟಿ ವರ್ಷಕ್ಕೂ ಹಿಂದಿನವು; ಭೂಮಿಯ ಆಳದಲ್ಲಿ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪಾಂತರಗೊಂಡವು. ಅಲ್ಲಿ ಖನಿಜಗಳು ಗಟ್ಟಿ ಬಂಡೆಯ ಒಳಗೇ ಒಂದನ್ನೊಂದು ಒತ್ತಿಕೊಂಡು ಬೆಳೆದಿವೆ. ಆದ್ದರಿಂದ ಹೊಳೆನರಸೀಪುರದ ಶಿಸ್ಟಿನಲ್ಲಿ ನೀಲಿ ಛಾಯೆಯ ಪಟ್ಟಿಗಳಂಥ ಕಯನೈಟ್, ಕಂದುಗೆಂಪು ಗಾರ್ನೆಟ್, ಸ್ಟಾರೊಲೈಟ್ ಸಿಗುತ್ತವೆಯಾದರೂ, ಪೊಟರೆಯಲ್ಲಿ ಬೆಳೆದ ಹರಳಿನ ಮಿನುಗು ಅವಕ್ಕೆ ಇರುವುದಿಲ್ಲ. ಹರಾಜಿನ ಮಾರುಕಟ್ಟೆ ಕಣ್ಣಿಗೆ ಒಪ್ಪುವುದಕ್ಕೆ ಹಣ ಕೊಡುತ್ತದೆ; ಭೂವಿಜ್ಞಾನಕ್ಕೆ ಈ ನಾಡಿನ ಶಿಲೆಗಳು ಎಷ್ಟೇ ಅಮೂಲ್ಯವಾದರೂ ಅಲ್ಲಿ ಅವುಗಳ ಬೆಲೆ ಸಾಧಾರಣ. ಇದನ್ನು ಕೇಳಿ ನೀವು ಅವನ್ನು ತೋಟದ ಗಡಿಗೆ ಎಸೆಯಬಾರದು. ಉದಾಹರಣೆಗೆ, “ಬಾಬಾಬುಡನ್, ಕಬ್ಬಿಣದ ಕಲ್ಲಿನ ನಡುವೆ” ಎಂದು ಬರೆದಿರುವ, ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಯ ಮಾದರಿಯಲ್ಲಿ ನೀಲಿಗಪ್ಪು ಸೂಜಿಗಳ ಪದರವೊಂದು ಕಾಣುತ್ತದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1908ರಲ್ಲಿ ಈ ಬೆಟ್ಟಗಳ ಒಂದು ಆಂಫಿಬೋಲ್ ಖನಿಜಕ್ಕೆ (ಸೂಜಿ, ನಾರುಗಳಂತೆಯೂ ಬೆಳೆಯುವ ಖನಿಜಗಳ ಗುಂಪು ಇದು) ಬಾಬಾಬುಡನೈಟ್ ಎಂದು ಹೆಸರಿಟ್ಟರು. ಇಂದಿನ ವರ್ಗೀಕರಣದಲ್ಲಿ ಅದು ಸ್ವತಂತ್ರ ಖನಿಜವಲ್ಲ, ರೀಬೆಕೈಟ್ ಬಳಗದ ಒಂದು ಬಗೆ. ಆದರೂ ಹೆಸರು ಹುಟ್ಟಿದ ಸ್ಥಳದಿಂದಲೇ ಬಂದ ಮಾದರಿಗಳನ್ನು ಹುಡುಕುವ ಸಂಗ್ರಾಹಕರ ಒಂದು ವರ್ಗವಿದೆ. ವಿಶ್ವವಿದ್ಯಾಲಯಗಳಿಗೂ ಅಂಥದ್ದು ಬೇಕು. ನಿಮ್ಮದು ಅದೇ ಹೌದೋ ಅಲ್ಲವೋ ಎಂಬುದನ್ನು ಚಿತ್ರ ನೋಡಿ ಹೇಳಲಾಗದು. ಕಲ್ಲಿನ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು, ಅಂದರೆ ತೆಳುಛೇದ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾರುನಾರಾಗಿ ಬಿಡಿಸಿಕೊಳ್ಳುವ ಭಾಗವಿದ್ದರೆ ಅದನ್ನು ಕೆರೆಯಬೇಡಿ, ಊದಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಆಂಫಿಬೋಲ್ ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಈಗ ಕಪ್ಪು ಭಾರದ ಕಲ್ಲಿನ ವಿಷಯ. ಅದರ ಚೀಟಿಯಲ್ಲಿ “ಬೈರಾಪುರ” ಎಂದು ಸ್ಪಷ್ಟವಾಗಿ ಬರೆದಿದೆ. ಹಾಸನ ಜಿಲ್ಲೆಯ ಬೈರಾಪುರ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಗಣಿಗೆ ಹೆಸರಾದ ಊರು. ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು: ನೆಲದ ಟೈಲ್ಸಿನ ಹಿಂಬದಿಯ ಒರಟು ಮೈ ಮೇಲೆ ಕಲ್ಲಿನ ಮೂಲೆಯನ್ನು ಒಮ್ಮೆ ಒತ್ತಿ ಎಳೆಯಿರಿ. ಗೀಟು ಕಂದು ಬಣ್ಣಕ್ಕಿದ್ದರೆ ಕ್ರೋಮೈಟ್ ಎಂಬ ಊಹೆ ಬಲವಾಗುತ್ತದೆ. ಕಪ್ಪಗಿದ್ದು ಅಯಸ್ಕಾಂತವೂ ಬಲವಾಗಿ ಹಿಡಿದರೆ ಮ್ಯಾಗ್ನೆಟೈಟ್. ಎರಡೂ ಭಾರವಾದ, ಉಪಯುಕ್ತ ಅದಿರುಗಳು. ಕೈಯಳತೆಯ ಒಂದು ತುಂಡಿಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆ ಇಲ್ಲ. “ಇರಿಡಿಯಂ”, “ರೈಸ್ ಪುಲ್ಲರ್” (ಅಕ್ಕಿಕಾಳನ್ನು ಸೆಳೆಯುತ್ತದೆಂದು ನಂಬಿಸುವ ವಸ್ತು) ಎಂಬ ಹೆಸರಿನಲ್ಲಿ ಪರೀಕ್ಷೆಯ ಶುಲ್ಕ, ರಕ್ಷಣಾ ಉಡುಪಿನ ಶುಲ್ಕ, ವಿಜ್ಞಾನಿಗಳ ಭೇಟಿಯ ಶುಲ್ಕ ಎಂದು ಹಣ ಕೀಳುವುದು ನಮ್ಮ ರಾಜ್ಯದಲ್ಲೂ ನೆರೆರಾಜ್ಯಗಳಲ್ಲೂ ಪೊಲೀಸ್ ಪ್ರಕರಣಗಳಾಗಿರುವ ವಂಚನೆ. ನಿಮ್ಮ ಷಡ್ಡಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಅವರನ್ನೇ ಯಾರೋ ನಂಬಿಸಿರಬಹುದು; ಆದರೆ ಒಂದು ರೂಪಾಯಿಯನ್ನೂ ಮುಂಗಡವಾಗಿ ಕಟ್ಟಬೇಡಿ, ಆ ಜನರನ್ನು ಮನೆಗೂ ಕರೆಸಬೇಡಿ. ಅದೇ ರೀತಿ, ಅರಸೀಕೆರೆ ಕಡೆಯದೆಂದು ಚೀಟಿ ಇರುವ ಆರು ಮೂಲೆಯ, ಪೀಪಾಯಿಯಂಥ ಕೆಂಗಂದು ಹರಳುಗಳು ಕುರುಂದ. ರಾಸಾಯನಿಕವಾಗಿ ಮಾಣಿಕ್ಯವೂ ಅದೇ ಖನಿಜ ಎಂಬುದು ನಿಜ. ಆದರೆ ಆಭರಣದ ಬೆಲೆ ಬರುವುದು ಪಾರದರ್ಶಕತೆ ಮತ್ತು ಬಣ್ಣದಿಂದ. ಬೆಳಕು ಹಾಯದ ಕುರುಂದವನ್ನು ಹಿಂದೆ ಸಾಣೆಗೂ ಉಜ್ಜುವುದಕ್ಕೂ ಬಳಸುತ್ತಿದ್ದರು. ಹರಳಿನ ಆರೂ ಮುಖ ಚೆನ್ನಾಗಿದ್ದರೆ ಅದು ಒಳ್ಳೆಯ ಅಧ್ಯಯನದ ಮಾದರಿಯಾಗುತ್ತದೆ, ಅಷ್ಟೆ.

ಹಾಗಾದರೆ ಮಾದರಿಯ ಬೆಲೆ ಯಾವುದರಿಂದ ನಿರ್ಧಾರವಾಗುತ್ತದೆ? ತೂಕದಿಂದ ಅಲ್ಲ, ಕ್ಯಾರೆಟ್ಟಿನಿಂದಲೂ ಅಲ್ಲ. ಎಲ್ಲಕ್ಕಿಂತ ಮೊದಲು ನೋಡುವುದು ಪೆಟ್ಟು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮುಖ್ಯ ಹರಳಿನ ಮೊನೆ, ಅಂಚುಗಳನ್ನು ನೋಡಿದಾಗ ಚೆಕ್ಕೆ ಎದ್ದಿರುವುದು ಕಂಡರೆ ಬೆಲೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯಬಹುದು. ಹಿಂಬದಿಯ ಮುರುಕು ಅಷ್ಟು ಬಾಧಕವಲ್ಲ, ಏಕೆಂದರೆ ಯಾವ ಮಾದರಿಯೂ ಬಂಡೆಯಿಂದ ಬೇರ್ಪಟ್ಟೇ ಬಂದಿರುತ್ತದೆ. ಆಮೇಲೆ ಹೊಳಪು, ಬಣ್ಣ, ಹರಳು ತಳಕಲ್ಲಿನ ಮೇಲೆ ಕೂತಿರುವ ಭಂಗಿ. ಗಾತ್ರದ ವಿಷಯದಲ್ಲಿ ಸಂಗ್ರಾಹಕರಿಗೆ ಅವರದೇ ವರ್ಗಗಳಿವೆ: ಸುಮಾರು ಎರಡೂವರೆ ಸೆಂಟಿಮೀಟರ್ ಒಳಗಿನವು, ಐದು ಸೆಂಟಿಮೀಟರ್ ಒಳಗಿನವು, ಅದಕ್ಕಿಂತ ದೊಡ್ಡ ಬೀರುವಿನ ಮಾದರಿಗಳು. ಚಿಕ್ಕದಾದರೂ ನಿಷ್ಕಳಂಕವಾದ ಮಾದರಿ, ದೊಡ್ಡದಾದರೂ ಪೆಟ್ಟು ತಿಂದ ಮಾದರಿಗಿಂತ ಹೆಚ್ಚಿಗೆ ಹೋಗುವುದು ಸಾಮಾನ್ಯ. ಕೊನೆಯದಾಗಿ ಚೀಟಿ. ಎಲ್ಲಿ ಸಿಕ್ಕಿತು, ಯಾವಾಗ, ಯಾರ ಸಂಗ್ರಹದಲ್ಲಿತ್ತು ಎಂಬ ಮಾಹಿತಿ ಇಲ್ಲದ ಕ್ಯಾವನ್‌ಸೈಟ್ ಬರಿಯ ನೀಲಿ ಕಲ್ಲು. ಖನಿಜದ ಹೆಸರನ್ನು ಯಾವ ಪ್ರಯೋಗಾಲಯವಾದರೂ ಕಂಡುಹಿಡಿಯುತ್ತದೆ, ಸಿಕ್ಕಿದ ಊರನ್ನು ಯಾವ ಯಂತ್ರವೂ ಹೇಳುವುದಿಲ್ಲ. ಕಾಫಿ ಬೆಳೆಗಾರರಾದ ನಿಮಗೆ ಇದು ಹೊಸದಲ್ಲ: ಒಂದೇ ತೋಟದ ಕಾಫಿಯನ್ನೂ ಗ್ರೇಡು ಮಾಡದೆ ಮೂಟೆ ಲೆಕ್ಕದಲ್ಲಿ ಕೊಟ್ಟರೆ ‘ಎ’ ಗ್ರೇಡು ಬೀಜವೂ ಒಡಕಿನ ದರಕ್ಕೆ ಹೋಗುತ್ತದೆ.

ನಕಲಿಯ ಬಗ್ಗೆ ಒಂದೆರಡು ಮಾತು. ತಂದೆಯವರು ಕ್ವಾರಿಯಲ್ಲೇ ಎತ್ತಿಕೊಂಡವುಗಳ ಬಗ್ಗೆ ಸಂದೇಹ ಬೇಡ; ಅಂಗಡಿಯಿಂದ ಕೊಂಡವುಗಳನ್ನು ಮಾತ್ರ ಪರೀಕ್ಷಿಸಬೇಕು. ಸಡಿಲ ಹರಳನ್ನು ಬೇರೆ ತಳಕಲ್ಲಿಗೆ ಅಂಟಿಸುವುದು, ಬಿಳಿ ಒಕೆನೈಟಿನ ಉಣ್ಣೆಯಂಥ ಗುಂಡುಗಳಿಗೆ ಬಣ್ಣ ಹಾಕುವುದು, ನೇರಳೆ ಅಮೆಥಿಸ್ಟನ್ನು ಕಾಯಿಸಿ ಹಳದಿ ಸಿಟ್ರಿನ್ ಎಂದು ಮಾರುವುದು ಹಳೆಯ ಪದ್ಧತಿಗಳು. ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ಅಲ್ಟ್ರಾವೈಲೆಟ್ ಟಾರ್ಚನ್ನು ಹರಳಿನ ಬುಡಕ್ಕೆ ಹಿಡಿದರೆ ಅನೇಕ ಬಗೆಯ ಅಂಟುಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಆದರೆ ಕ್ಯಾಲ್ಸೈಟಿನಂಥ ಕೆಲವು ಖನಿಜಗಳೂ ತಾವಾಗಿಯೇ ಹೊಳೆಯುವುದರಿಂದ, ಹೊಳಪು ಸಣ್ಣ ಗೆರೆಯಾಗಿ ಹರಳಿನ ಸುತ್ತ ಮಾತ್ರ ಇದೆಯೇ ಎಂದು ಗಮನಿಸಬೇಕು. ಮುರಿದ ಹರಳನ್ನು ಅದರದೇ ತುಂಡಿನಿಂದ ಜೋಡಿಸಿರುವುದು ದುರಸ್ತಿ. ಇಲ್ಲದ ಭಾಗವನ್ನು ರಾಳದಿಂದ ತುಂಬಿರುವುದು ಮರುನಿರ್ಮಾಣ. ಮೊದಲನೆಯದನ್ನು ಮಾರುಕಟ್ಟೆ ಒಪ್ಪುತ್ತದೆ, ತಿಳಿಸಿ ಮಾರಿದರೆ. ಎರಡನೆಯದರ ಬೆಲೆ ಬಹಳ ಕುಸಿಯುತ್ತದೆ. ಎರಡನ್ನೂ ಮುಚ್ಚಿಟ್ಟರೆ ಮಾರಾಟ ರದ್ದಾಗಿ ಹಣ ಹಿಂತಿರುಗಿಸಬೇಕಾಗಬಹುದು.

ಮನೆಯವರು ಆಸಿಡ್ಡಿನಲ್ಲಿ ತೊಳೆದ ಎರಡು ಕಲ್ಲುಗಳ ಬಗ್ಗೆ ಅವರನ್ನು ದೂರಬೇಡಿ. ಕ್ವಾರ್ಟ್ಜ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಚ್ಚಲಿನ ಆಸಿಡ್ಡೆಂದರೆ ಬಹುತೇಕ ಹೈಡ್ರೋಕ್ಲೋರಿಕ್ ಆಮ್ಲ. ಅದು ಕ್ಯಾಲ್ಸೈಟನ್ನು ನೊರೆಗರೆಯುತ್ತ ಕರಗಿಸುತ್ತದೆ, ಸ್ಟಿಲ್‌ಬೈಟ್, ಅಪೊಫಿಲೈಟ್ ಮುಂತಾದವುಗಳ ಮೇಲ್ಮೈಯನ್ನು ಕೊರೆದು ಮಂಕು ಮಾಡುತ್ತದೆ. ಹೋದ ಹೊಳಪನ್ನು ಮರಳಿ ತರುವ ಉಪಾಯವಿಲ್ಲ. ಎಣ್ಣೆ ಅಥವಾ ವಾರ್ನಿಷ್ ಸವರಿದರೆ ಸರಿಹೋಗುತ್ತದೆಂದು ಹೇಳುವವರ ಮಾತು ಕೇಳಬೇಡಿ. ಇರುವ ಬೆಲೆಯೂ ಹೋಗುತ್ತದೆ. ಆ ಎರಡನ್ನು ಶುದ್ಧ ನೀರಿನಲ್ಲಿ ಪದೇ ಪದೇ ನೆನೆಸಿ, ನೀರು ಬದಲಿಸಿ, ಆಮ್ಲದ ಅಂಶ ತೆಗೆದು ನೆರಳಿನಲ್ಲಿ ಒಣಗಿಸಿ. ಉಳಿದವನ್ನು ಮುಟ್ಟದಿರುವುದೇ ಒಳ್ಳೆಯ ಆರೈಕೆ: ಕ್ಯಾಮೆರಾ ಲೆನ್ಸಿನ ಧೂಳು ಊದುವ ರಬ್ಬರ್ ಬುರುಡೆ, ಮೆದುವಾದ ಬಣ್ಣದ ಕುಂಚ ಸಾಕು. ಕೂದಲಿನಂಥ ಸೂಜಿಗಳಿರುವ ಮೆಸೊಲೈಟ್, ಒಕೆನೈಟುಗಳಿಗೆ ಕುಂಚವೂ ಬೇಡ, ನೀರೂ ಬೇಡ. ಬಿಸಿನೀರು ಯಾವುದಕ್ಕೂ ಬೇಡ; ಅಪೊಫಿಲೈಟ್ ಒಂದು ದಿಕ್ಕಿನಲ್ಲಿ ನಯವಾಗಿ ಸೀಳುವ ಖನಿಜ, ತಾಪದ ಏರಿಳಿತಕ್ಕೆ ಅದರೊಳಗೆ ಬಿರುಕು ಮೂಡುತ್ತದೆ.

ಹಳದಿ ಲೋಹದಂಥ ಕಲ್ಲು ಪೈರೈಟ್. ಚೀಟಿಯಂತೆ ಅದು ಚಿತ್ರದುರ್ಗದ ಇಂಗಳದಾಳಿನದು. ತಾಯಿಯವರಿಗೆ ದಯವಿಟ್ಟು ತಿಳಿಸಿ, ಅದರಲ್ಲಿ ದೋಷವೇನೂ ಇಲ್ಲ. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ತಿಂಗಳುಗಟ್ಟಲೆ ಇಳಿಯದೆ ಇರುವಾಗ ಆಮ್ಲಜನಕದೊಂದಿಗೆ ಸೇರಿ ಅದು ಕಬ್ಬಿಣದ ಸಲ್ಫೇಟಾಗಿ ಪುಡಿಯಾಗುತ್ತದೆ, ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಆತಂಕ ಪಡಬೇಕಾದದ್ದು ಇದಕ್ಕೆ: ಆ ಆಮ್ಲ ಕೆಳಗಿನ ಚೀಟಿಯನ್ನೂ ರಟ್ಟಿನ ಪೆಟ್ಟಿಗೆಯನ್ನೂ ಪಕ್ಕದ ಕ್ಯಾಲ್ಸೈಟನ್ನೂ ತಿನ್ನುತ್ತದೆ. ಅದನ್ನು ಇವತ್ತೇ ಬೀರುವಿನಿಂದ ಹೊರಗೆ ತೆಗೆದು, ಚೀಟಿಯನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪುಡಿಯನ್ನು ಒಣ ಕುಂಚದಿಂದ ಉದುರಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬೀರುವನ್ನು ಕಿಟಕಿಯ ಎದುರಿನಿಂದಲೂ ಸರಿಸಿ. ಅಮೆಥಿಸ್ಟ್, ಫ್ಲೋರೈಟುಗಳ ಬಣ್ಣ ಬಿಸಿಲಿಗೆ ಕಾಲಕ್ರಮದಲ್ಲಿ ಮಾಸುತ್ತದೆ.

ಕಾನೂನಿನ ಭಯ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಖಾಸಗಿ ಜಮೀನಿನಲ್ಲಿ ಸಿಕ್ಕಿದ್ದೆಲ್ಲ ಜಮೀನಿನ ಒಡೆಯನದೇ ಎಂಬ ನಂಬಿಕೆ ತಪ್ಪು; 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಪ್ರಕರಣದಂತೆ ಗಣಿ ಮತ್ತು ಖನಿಜಗಳ ಹಕ್ಕು ಸರ್ಕಾರದ್ದು. ಪರವಾನಗಿ ಇಲ್ಲದೆ ಖನಿಜ ತೆಗೆಯುವುದು, ಸಾಗಿಸುವುದು, ದಾಸ್ತಾನು ಮಾಡುವುದು 1957ರ ಗಣಿ ಮತ್ತು ಖನಿಜಗಳ ಕಾಯ್ದೆಯಡಿ ಅಪರಾಧ. ಆದರೆ ಆ ಕಾನೂನಿನ ಗುರಿ ಗಣಿಗಾರಿಕೆ ಮತ್ತು ಅದಿರಿನ ವ್ಯಾಪಾರ. ಹವ್ಯಾಸಿಯೊಬ್ಬರು ದಶಕಗಳ ಹಿಂದೆ ಕೂಡಿಟ್ಟ ಕೈಯಳತೆಯ ಮಾದರಿಗಳಿಗಾಗಿ ಅವರ ಮನೆಯವರು ತೊಂದರೆಗೆ ಸಿಕ್ಕಿದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಮಾರಾಟದ ಮಾತು ಬಂದಾಗ ಮಾತ್ರ ಎಚ್ಚರ ಬೇಕು. ಕರ್ನಾಟಕದ ಮಾದರಿಗಳನ್ನು ಮಾರುವ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಪಟ್ಟಿ ಸಮೇತ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ಕಾಯ್ದಿಟ್ಟ ಅರಣ್ಯದಿಂದಲೋ, 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ವ್ಯಾಪ್ತಿಯಿಂದಲೋ ಬಂದದ್ದೆಂದು ಚೀಟಿ ಹೇಳುವ ಯಾವುದನ್ನೂ ಮಾರಾಟದ ಪಟ್ಟಿಗೆ ಸೇರಿಸಬೇಡಿ. ಅರಣ್ಯದ ಕಲ್ಲು, ಖನಿಜ ಕೂಡ ಕಾನೂನಿನ ದೃಷ್ಟಿಯಲ್ಲಿ ಅರಣ್ಯ ಉತ್ಪನ್ನ.

ನೀವು ಪ್ರಶ್ನೆಯಲ್ಲಿ ಹೇಳದಿದ್ದರೂ ಚಿತ್ರದ ಕೆಳಗಿನ ಸಾಲಿನಲ್ಲಿ ಕಂಡ ಒಂದು ವಸ್ತು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ಬಳಪದ ಕಲ್ಲಿನ ಆ ತುಂಡಿನ ಮೇಲೆ ಮಣಿಸಾಲಿನ ಕೆತ್ತನೆ ಇದೆ. ಬೇಲೂರು, ಹಳೇಬೀಡು ಸುತ್ತಮುತ್ತಲಿನ ಹೊಲಗಳಲ್ಲಿ ಇಂಥ ತುಣುಕುಗಳು ಉಳುವಾಗ ಸಿಗುತ್ತವೆ, ಬಹುಶಃ ಯಾರೋ ಪ್ರೀತಿಯಿಂದ ತಂದೆಯವರಿಗೆ ಕೊಟ್ಟಿರಬೇಕು. ನೂರು ವರ್ಷಕ್ಕಿಂತ ಹಳೆಯ ಶಿಲ್ಪ 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದವರು ಅದರ ವ್ಯಾಪಾರ ಮಾಡುವಂತಿಲ್ಲ. ಖನಿಜಗಳ ಪೆಟ್ಟಿಗೆಯಲ್ಲಿ ಅದೊಂದು ತಪ್ಪಿ ಸೇರಿಕೊಂಡರೂ ಕಸ್ಟಮ್ಸಿನಲ್ಲಿ ಇಡೀ ಪೆಟ್ಟಿಗೆ ನಿಂತು, ನೀವು ಉತ್ತರ ಹೇಳಬೇಕಾಗುತ್ತದೆ. ಪುರಾತತ್ತ್ವ ಇಲಾಖೆಗೆ ಬರೆದು ತಿಳಿಸಿ. ಹಳೇಬೀಡಿನಲ್ಲಿಯೇ ವಸ್ತುಸಂಗ್ರಹಾಲಯವಿದೆ, ಅದಕ್ಕೆ ತಕ್ಕ ಜಾಗ ಅದೇ.

ಇನ್ನು ಹರಾಜು. ಅಳಿಯನವರ ಸಲಹೆ ಕೆಲವು ಮಾದರಿಗಳ ಮಟ್ಟಿಗೆ ಸರಿ, ಇಡೀ ಬೀರುವಿನ ಮಟ್ಟಿಗೆ ಅಲ್ಲ. ಡಲ್ಲಾಸ್‌ನ ಹೆರಿಟೇಜ್, ಬೋನ್‌ಹ್ಯಾಮ್ಸ್‌ನಂಥ ದೊಡ್ಡ ಹರಾಜು ಸಂಸ್ಥೆಗಳು ಖನಿಜ ಮಾದರಿಗಳನ್ನು ಹರಾಜು ಹಾಕಿವೆ. ಅಮೆರಿಕದ ಟೂಸಾನ್‌ನಲ್ಲಿ 1955ರಿಂದ ನಡೆದುಬಂದಿರುವ ಫೆಬ್ರವರಿಯ ಪ್ರದರ್ಶನ, ಜರ್ಮನಿಯ ಮ್ಯೂನಿಕ್ ಮೇಳಗಳಲ್ಲಿ ನಮ್ಮ ಮಹಾರಾಷ್ಟ್ರದ ಹರಳುಗಳು ಮಾರಾಟವಾಗುತ್ತವೆ. ಆದರೆ ಹರಾಜಿನಲ್ಲಿ ಬೆಲೆ ಏರಬೇಕಾದರೆ ಒಂದೇ ಕಲ್ಲನ್ನು ತೀವ್ರವಾಗಿ ಬಯಸುವ ಕನಿಷ್ಠ ಇಬ್ಬರು ಒಂದೇ ದಿನ ಇರಬೇಕು. ಅಸಾಧಾರಣ ಮಾದರಿಗೆ ಅದು ಸಾಧ್ಯ; ಸಾಧಾರಣ ಸ್ಟಿಲ್‌ಬೈಟಿಗೆ ಅಸಾಧ್ಯ, ಏಕೆಂದರೆ ಕ್ವಾರಿಗಳು ಇಂದಿಗೂ ಅಂಥದ್ದನ್ನು ಹೊರಹಾಕುತ್ತಲೇ ಇವೆ.

ಹಣದ ಲೆಕ್ಕವನ್ನೂ ಬಿಡಿಸಿ ನೋಡಿ. ಒಂದು ಮಾದರಿಯ ಮೇಲೆ ಕೊನೆಯ ಕೂಗು ಒಂದು ಲಕ್ಷ ರೂಪಾಯಿಗೆ ನಿಂತಿತೆನ್ನೋಣ. ಕೊಂಡವರು ಅದರ ಮೇಲೆ ಸಂಸ್ಥೆಗೆ ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ಹೆಚ್ಚಿಗೆ ಕೊಡುತ್ತಾರೆ. ಪತ್ರಿಕೆಗಳಲ್ಲಿ ಓದುವ ದಾಖಲೆ ಬೆಲೆಗಳಲ್ಲಿ ಆ ಹಣವೂ ಸೇರಿರುತ್ತದೆ, ಅದು ನಿಮಗೆ ಬರುವುದಿಲ್ಲ. ನಿಮ್ಮ ಪಾಲಿನ ಒಂದು ಲಕ್ಷದಿಂದ ಮಾರಾಟಗಾರರ ಕಮಿಷನ್, ಅದು ಶೇ. 15 ಎಂದುಕೊಂಡರೆ 15,000 ರೂಪಾಯಿ, ಮುರಿದುಕೊಳ್ಳುತ್ತಾರೆ. ಛಾಯಾಚಿತ್ರ, ವಿಮೆ, ಸಾಗಣೆ ಪ್ರತ್ಯೇಕ. ವ್ಯಾಪಾರದ ರೀತಿಯಲ್ಲಿ ರಫ್ತು ಮಾಡಲು ಆಮದು ರಫ್ತು ಸಂಕೇತ ಸಂಖ್ಯೆ ಬೇಕು, ಹಣ ಬ್ಯಾಂಕಿನ ಮೂಲಕವೇ ಬರಬೇಕು, ತೆರಿಗೆಯ ವಿಷಯಕ್ಕೆ ಲೆಕ್ಕಪರಿಶೋಧಕರನ್ನು ಕೇಳಬೇಕು. ಮಾರುವ ಕನಿಷ್ಠ ಬೆಲೆಯನ್ನು, ಅಂದರೆ ಮೀಸಲು ಬೆಲೆಯನ್ನು, ಒಪ್ಪಂದದಲ್ಲಿ ಬರೆಸದೆ ಕಳಿಸಿದರೆ ಕಲ್ಲು ಸಿಕ್ಕಿದ ಬೆಲೆಗೆ ಹೋಗಬಹುದು. ಆಸೆಯಿಂದ ಮೀಸಲು ಬೆಲೆಯನ್ನು ವಿಪರೀತ ಏರಿಸಿದರೆ ಇನ್ನೊಂದು ಅಪಾಯ: ಮಾರಾಟವಾಗದೆ ಉಳಿದ ಸಂಗತಿ ಅಂತರ್ಜಾಲದಲ್ಲಿ ದಾಖಲಾಗಿ, ಮುಂದೆ ಕೊಳ್ಳುವವರು ಅದನ್ನೇ ತೋರಿಸಿ ಬೆಲೆ ಇಳಿಸುತ್ತಾರೆ. ಮಾರಾಟವಾಗದಿದ್ದರೆ ವಾಪಸ್ ಸಾಗಣೆಯ ಖರ್ಚು ಯಾರದು ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ಪಟ್ಟಿಗೆ ಸೇರಿಸಲು ಮುಂಗಡ ಶುಲ್ಕ ಕೇಳುವ “ಹರಾಜು ಸಂಸ್ಥೆ” ಬಂದರೆ ದೂರವಿಡಿ. ಹೆಸರಾಂತ ಸಂಸ್ಥೆಗಳು ಸಾಮಾನ್ಯವಾಗಿ ಮಾರಾಟದ ಹಣದಿಂದಲೇ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಇವೆಲ್ಲಕ್ಕಿಂತ ದೊಡ್ಡ ನಷ್ಟವನ್ನು ನಾನು ಕಂಡಿರುವುದು ಪ್ಯಾಕಿಂಗಿನಲ್ಲಿ. ಕ್ಯಾವನ್‌ಸೈಟಿನ ಗುಂಡುಗಳು ಉಗುರು ತಾಗಿದರೂ ಕಳಚಿಕೊಳ್ಳುತ್ತವೆ. ಅದನ್ನು ಹತ್ತಿಯಲ್ಲಿ ಸುತ್ತಿದರೆ ಎಳೆಗಳು ಸಿಕ್ಕಿಕೊಂಡು ಬಿಡಿಸುವಾಗ ಹರಳನ್ನೇ ಕಿತ್ತು ತರುತ್ತವೆ. ತಳಕಲ್ಲನ್ನು ಡಬ್ಬಿಯ ತಳಕ್ಕೆ ಭದ್ರಪಡಿಸಿ, ಹರಳಿನ ಮುಖಕ್ಕೆ ಏನೂ ತಾಗದಂತೆ ಖಾಲಿ ಬಿಡಬೇಕು. ಆ ಡಬ್ಬಿಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ ಸ್ಪಂಜಿನ ನಡುವೆ ಕೂರಿಸಬೇಕು.

ನನ್ನ ಸಲಹೆ ಹೀಗಿದೆ. ಈ ಮಳೆಗಾಲ ಮುಗಿಯುವವರೆಗೆ ಏನನ್ನೂ ಮಾರಬೇಡಿ. ಆ ಅವಧಿಯಲ್ಲಿ ಒಂದು ದಪ್ಪ ನೋಟ್ ಪುಸ್ತಕದಲ್ಲಿ ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಕೊಟ್ಟು, ಕಾಣದ ಬದಿಯಲ್ಲಿ ಬಿಳಿ ಬಣ್ಣದ ಪುಟ್ಟ ಚುಕ್ಕೆಯಿಟ್ಟು ಆ ಸಂಖ್ಯೆಯನ್ನು ಬರೆಯಿರಿ. ಚೀಟಿಯಲ್ಲಿ ಇದ್ದುದನ್ನು ಇದ್ದ ಹಾಗೆಯೇ, ತಿದ್ದದೆ, ಪುಸ್ತಕಕ್ಕೆ ಇಳಿಸಿ. ಮೂಲ ಚೀಟಿಯನ್ನು ಎಂದೂ ಬಿಸಾಡಬೇಡಿ, ಹೊಸದಾಗಿ ಟೈಪ್ ಮಾಡಿಸಿ ಬದಲಿಸಲೂ ಬೇಡಿ. ಚೀಟಿ ಇಲ್ಲದವುಗಳ ವಿಷಯದಲ್ಲಿ ತಾಯಿಯವರನ್ನೂ ತಂದೆಯವರ ಹಳೆಯ ಸಹೋದ್ಯೋಗಿಗಳನ್ನೂ ಕೇಳಿ, ಅವರು ಹೇಳಿದ್ದನ್ನು ಅವರ ಹೆಸರಿನೊಂದಿಗೆ ಬರೆದಿಡಿ; ಊಹೆಯನ್ನು ಊಹೆಯೆಂದೇ ಗುರುತಿಸಿ. ಹಗಲು ಬೆಳಕಿನಲ್ಲಿ ಮುಂದೆ, ಪಕ್ಕ, ಹಿಂದೆ ಮೂರು ಚಿತ್ರಗಳನ್ನು ಅಳತೆಪಟ್ಟಿಯೊಂದಿಗೆ ತೆಗೆಯಿರಿ. ಮೊಬೈಲು ತಾನಾಗಿ ಬಣ್ಣ ಏರಿಸುವುದನ್ನು ಬಂದ್ ಮಾಡಿ.

ಇಷ್ಟಾದ ಮೇಲೆ ಸಂಗ್ರಹ ತಾನಾಗಿ ವಿಂಗಡವಾಗುತ್ತದೆ. ನೀಲಿ ಕ್ಯಾವನ್‌ಸೈಟ್, ಹಸಿರು ಅಪೊಫಿಲೈಟ್ ಮತ್ತು ಚಿತ್ರಗಳಲ್ಲಿ ಚೆನ್ನಾಗಿ ಕಂಡ ಇನ್ನೂ ಐದಾರು ಮಾದರಿಗಳನ್ನು ಮಾತ್ರ ಪರಿಣತರಿಗೆ ಪ್ರತ್ಯಕ್ಷ ತೋರಿಸಿ, ಕನಿಷ್ಠ ಇಬ್ಬರಿಂದ ಲಿಖಿತ ಅಂದಾಜು ಪಡೆದು, ಹರಾಜಿಗೋ ನಂಬಿಕೆಯ ವ್ಯಾಪಾರಿಗೆ ಕಮಿಷನ್ ಆಧಾರದ ಮೇಲೋ ಕೊಡಬಹುದು. ಅಂದಾಜು ಹೇಳುವವರೇ ಕೊಳ್ಳುವವರಾಗದಿರಲಿ. ರತ್ನ ಪರೀಕ್ಷಾಲಯದ ಪ್ರಮಾಣಪತ್ರ ಖನಿಜದ ಗುರುತನ್ನು ಹೇಳುತ್ತದೆಯೇ ಹೊರತು ಮಾದರಿಯ ಬೆಲೆಯನ್ನಲ್ಲ ಎಂಬುದು ನೆನಪಿರಲಿ. ಸಾಧಾರಣ ಮಹಾರಾಷ್ಟ್ರದ ಹರಳುಗಳನ್ನು ಸ್ಥಳೀಯವಾಗಿ ಸಗಟು ಮಾರಿದರೆ ನಷ್ಟವಿಲ್ಲ. ಹಾಸನ, ಚಿಕ್ಕಮಗಳೂರಿನ ಚೀಟಿ ಸಹಿತ ಮಾದರಿಗಳನ್ನು ಮಾತ್ರ ಚೆದುರಿಸಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಒಬ್ಬ ಎಂಜಿನಿಯರು ಶಿಸ್ತಿನಿಂದ ಊರು, ದಿಕ್ಕು ಬರೆದಿಟ್ಟ ಈ ಭಾಗದ ಶಿಲೆಗಳು ಒಂದೆಡೆ ಇದ್ದರೆ ವಿದ್ಯಾರ್ಥಿಗಳಿಗೆ ಪಾಠವಾಗುತ್ತವೆ. ಬಿಡಿಬಿಡಿಯಾಗಿ ಹೋದರೆ ಯಾರಿಗೂ ಉಪಯೋಗವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಹತ್ತಿರದ ಭೂವಿಜ್ಞಾನವಿರುವ ಕಾಲೇಜಿಗೋ ದಾನ ಕೊಡುವುದಾದರೆ, ತಂದೆಯವರ ಹೆಸರಿನಲ್ಲಿ ಒಟ್ಟಿಗೆ ಇಡುವುದು, ಚೀಟಿ ಮತ್ತು ಪುಸ್ತಕವನ್ನು ಜೊತೆಗೇ ಕಾಪಾಡುವುದು, ದಾಖಲೆ ಪುಸ್ತಕದಲ್ಲಿ ಸಂಖ್ಯೆ ಹತ್ತಿಸುವುದು ಎಂಬ ಷರತ್ತುಗಳನ್ನು ಪತ್ರದಲ್ಲಿ ಬರೆಸಿ ಸಹಿ ಪಡೆಯಿರಿ. ಬಾಯಿಮಾತಿಗೆ ಕೊಟ್ಟ ಸಂಗ್ರಹಗಳು ಮುಖ್ಯಸ್ಥರು ಬದಲಾದೊಡನೆ ಮೂಲೆ ಸೇರಿದ್ದನ್ನು ನೋಡಿ ನೊಂದಿದ್ದೇನೆ.

ಆ ವ್ಯಾಪಾರಿ ಮತ್ತೆ ಬಂದರೆ ಜಗಳ ಬೇಕಿಲ್ಲ. ಪಟ್ಟಿ ತಯಾರಾಗುತ್ತಿದೆ, ಆದ ಮೇಲೆ ಒಂದೊಂದಕ್ಕೂ ಪ್ರತ್ಯೇಕವಾಗಿ ಬೆಲೆ ಬರೆದು ಕೊಡಿ ಎಂದು ಹೇಳಿ. ಯಾವ ಮಾದರಿಯನ್ನು ಯಾರಿಗೆ ಕೊಟ್ಟರೂ ಸಂಖ್ಯೆ, ಚಿತ್ರ, ಒಪ್ಪಿದ ಬೆಲೆ, ಹಿಂತಿರುಗಿಸುವ ದಿನಾಂಕವಿರುವ ರಸೀದಿಗೆ ಸಹಿ ಹಾಕಿಸಿಕೊಳ್ಳಿ. ಪತ್ರದ ಕೊನೆಯಲ್ಲಿ ಹಾಸನದಲ್ಲಿರುವ ಅಕ್ಕನವರನ್ನು ಪ್ರಸ್ತಾಪಿಸಿದ್ದೀರಿ. ತಂದೆಯವರು ಉಯಿಲು ಬರೆದಿಲ್ಲವಾದರೆ ಈ ಸಂಗ್ರಹದಲ್ಲಿ ತಾಯಿಯವರಿಗೂ ಅಕ್ಕನವರಿಗೂ ಪಾಲಿದೆ. ಮೊದಲ ಕಲ್ಲು ಮನೆಯ ಹೊಸ್ತಿಲು ದಾಟುವ ಮುನ್ನ ಇಬ್ಬರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆದು ಅದೇ ನೋಟ್ ಪುಸ್ತಕದೊಂದಿಗೆ ಇಟ್ಟುಕೊಳ್ಳಿ.